ನಾಲ್ಕಂಕಣದ ಮನೆಗಳು

“ಗುರುಗಳೇ, ಸಿ ಭಾಷೆಯಲ್ಲಿ ನನ್ನದೊಂದು ಅರೇ ಇದೆ, ಅಂಕಿಗಳ ಸಾಲು. ಅದರ ಒಂದೊಂದು ಅಂಕಿಯೂ ಮೆಮೊರಿಯಲ್ಲಿ ನಾಲ್ಕು ಬೈಟಿನ ಜಾಗ ಹಿಡಿಯುತ್ತದೆ. ಅರೇಯ ಮೊದಲ ವಿಳಾಸವನ್ನು ಅಸೆಂಬ್ಲಿ ಭಾಷೆಯ ಪ್ರೊಸೀಜರಿಗೆ ಕೊಟ್ಟು, ಮೂರು ಬಿಟ್ಟು ಮುಂದಿನದನ್ನು ತಾ ಎಂದೆ. ಅದು ಏನೋ ಕಸ ತಂದಿತು. ಸಿ ಆಗಿದ್ದರೆ ಸರಿಯಾಗಿ ತರುತ್ತಿತ್ತು. ಈ ಅಸೆಂಬ್ಲಿ ಇಷ್ಟು ದಡ್ಡ ಯಾಕೆ?”

ವಾರಿಜಾ ಹೀಗೆ ಕೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಬೆಳಗಿನಿಂದ ಅದರೊಂದಿಗೆ ಗುದ್ದಾಡಿ ಸೋತಿದ್ದಳು. ಗುರುಗಳು ನಕ್ಕರು. ದಡ್ಡರು ಯಾರೆಂದು ಆಮೇಲೆ ನೋಡೋಣ, ಮೊದಲು ಮುಖ ತೊಳೆದುಕೊಂಡು ಬಂದು ಕೂತುಕೋ ಎಂದರು. ಅವಳು ಬಂದು ಕೂತ ಮೇಲೆ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೆ ಕೈಗುಣ ಒಳ್ಳೆಯದೆಂದು ಊರೆಲ್ಲ ಅವಳನ್ನೇ ಕರೆಯುತ್ತಿತ್ತು.

ಒಂದು ದಿನ ಒಬ್ಬ ನೇಕಾರ ಅವಳಲ್ಲಿಗೆ ಓಡಿ ಬಂದ. ಅವನ ಹೆಂಡತಿಗೆ ಚೊಚ್ಚಲ ಹೆರಿಗೆಯ ನೋವು ಶುರುವಾಗಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೇಕಾರರ ಬೀದಿಯ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಮುಂದೆ ಉದ್ದಕ್ಕೂ ಒಂದೇ ಜಗಲಿ, ಜಗಲಿಗೆ ಕಂಬಗಳ ಸಾಲು. ಕಂಬದಿಂದ ಕಂಬಕ್ಕೆ ಒಂದು ಅಂಕಣ. ನೇಕಾರ ಸೂಲಗಿತ್ತಿಯ ಕೈಯನ್ನು ಬೀದಿಯ ಮೊದಲ ಕಂಬದ ಮೇಲಿಟ್ಟ. ಮೂರು ಮನೆ ಬಿಟ್ಟು ಮುಂದಿನದೇ ನಮ್ಮದು ಎಂದು ಹೇಳಿ, ಅತ್ತೆಯನ್ನು ಕರೆತರಲು ಓಡಿದ.

ಸೂಲಗಿತ್ತಿಯ ಕೇರಿಯಲ್ಲಿ ಒಂದು ಅಂಕಣಕ್ಕೆ ಒಂದು ಮನೆ. ಅವಳು ಕಂಬ ಮುಟ್ಟುತ್ತ ಮೂರು ಅಂಕಣ ಬಿಟ್ಟು, ಬಾಗಿಲಿಗೆಂದು ಕೈ ಚಾಚಿದಳು. ಗೋಡೆ ಸಿಕ್ಕಿತು. ಮಗ್ಗಕ್ಕೆ ಜಾಗ ಬೇಕೆಂದು ನೇಕಾರರು ನಾಲ್ಕು ಅಂಕಣಕ್ಕೆ ಒಂದು ಮನೆ ಕಟ್ಟಿದ್ದರು. ಪ್ರತಿ ಮನೆಗೂ ಬಾಗಿಲು ಅದರ ಮೊದಲ ಅಂಕಣದಲ್ಲಿ ಮಾತ್ರ. ಅವಳಿನ್ನೂ ಮೊದಲನೆಯ ಮನೆಯನ್ನೇ ದಾಟಿರಲಿಲ್ಲ. ಮನೆ ಇದೇ ಎಂದುಕೊಂಡು ಗೋಡೆ ಬಡಿದಳು, ಕೂಗಿದಳು. ಮಗ್ಗಗಳ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ನೇಕಾರ ಅತ್ತೆಯೊಂದಿಗೆ ಬಂದಾಗ ಅವಳು ಅಲ್ಲೇ ಗೋಡೆ ತಡವುತ್ತ ನಿಂತಿದ್ದಳು. ಮೂರು ಮನೆ ಎಂದು ಹೇಳಿದ್ದೆನಲ್ಲ ಎಂದು ಅವನು ರೇಗಿದ. ಮೂರು ಬಿಟ್ಟೇ ಬಂದೆನಲ್ಲ ಎಂದು ಅವಳು ಕಂಬ ಮುಟ್ಟಿ ತೋರಿಸಿದಳು. ಅವನಿಗೆ ಆಗ ಅರ್ಥವಾಯಿತು. ಅವಳ ಕೈ ಹಿಡಿದು ಕರೆದೊಯ್ದ. ಇನ್ನು ಸ್ವಲ್ಪ ತಡವಾಗಿದ್ದರೆ ಆ ಹೆಣ್ಣುಮಗಳು ಉಳಿಯುತ್ತಿರಲಿಲ್ಲ. ಪುಣ್ಯಕ್ಕೆ ಉಳಿದಳು. ಮಗುವೂ ಉಳಿಯಿತು.

ನೇಕಾರ ಸೂಲಗಿತ್ತಿಯ ಕಾಲು ಹಿಡಿದು ಅತ್ತ.

“ಮನೆ ಇಷ್ಟು ಅಗಲ ಅಂತ ನಿಮಗೆ ಹೇಳಬೇಕು ಅನ್ನೋದೇ ನನಗೆ ಹೊಳೀಲಿಲ್ಲ ತಾಯಿ.”

“ದಿನಾ ಕಣ್ಣಾರೆ ನೋಡೋನಿಗೆ ಅದು ಹೇಗೆ ಹೊಳೀಬೇಕಪ್ಪ? ನಾನಾದರೂ ಕೇಳಬೇಕಿತ್ತು. ಏಳು, ಮಗೂನ ಎತ್ಕೋ.”

ಕತೆ ಮುಗಿಸಿ ಗುರುಗಳು ವಾರಿಜಾಳ ತಲೆ ಸವರಿದರು.

“ಸಿ ಭಾಷೆಗೆ ಬೀದಿ ಕಾಣುತ್ತದೆ ಮಗಳೇ, ನೀನು ಕರೆತಂದದ್ದು ಕಣ್ಣಿಲ್ಲದವಳನ್ನು, ಮನೆಯ ಅಗಲ ಹೇಳಿದೆಯಾ?”