ತಲೆಕೆಳಗಾಗಿ ನಿಂತು ಅಲೆಯನ್ನು ಗೆದ್ದ ಚಿಣ್ಕು

ಸಮುದ್ರದಲ್ಲಿ ಉಪ್ಪು ಇನ್ನೂ ಪೂರ್ತಿ ಕರಗಿರಲಿಲ್ಲ, ಜಲಜಾ. ಲೋಕ ಅಷ್ಟು ಹೊಸದು. ಆಗ ನೀರಿನಲ್ಲಿ ಸಾಸಿವೆಗಿಂತ ಚಿಕ್ಕದೊಂದು ಜೀವಿ ಈಜುತ್ತಿತ್ತು. ಹೆಸರು ಚಿಣ್ಕು. ಒಂದು ತಲೆ, ಆರು ಜೊತೆ ಕಾಲು, ಮೈತುಂಬ ಹಠ.

ಚಿಣ್ಕುವಿಗೆ ಒಂದೇ ಆಸೆ, ಒಂದು ಕಡೆ ನೆಲೆ ನಿಲ್ಲಬೇಕು. ಆದರೆ ಅಲೆ ಬಿಡಬೇಕಲ್ಲ! ಬಂಡೆಯ ಮೇಲೆ ಕಾಲೂರಿದರೆ ಎತ್ತಿ ಎಸೆಯುತ್ತಿತ್ತು. ಮತ್ತೆ ಕಾಲೂರಿದರೆ ಮತ್ತೆ ಎಸೆಯುತ್ತಿತ್ತು. ಹೀಗೇ ಚಿಣ್ಕುವಿನ ಅಣ್ಣತಮ್ಮಂದಿರೆಲ್ಲ ಮೀನಿನ ಬಾಯಿಗೆ ಬಿದ್ದರು. ಚಿಣ್ಕುವಿಗೆ ದುಃಖವಾಯಿತು, ಭಯವೂ ಆಯಿತು. ಅಲೆಗೆ ಮಾತ್ರ ಜಂಬ. ತಾನು ಮುಟ್ಟಿದ ಮೇಲೆ ಯಾರೂ ಇದ್ದಲ್ಲಿ ಇರುವುದಿಲ್ಲ ಎಂದು ದಡದುದ್ದಕ್ಕೂ ಹೇಳಿಕೊಂಡು ತಿರುಗುತ್ತಿತ್ತು.

ಮಳೆಗಾಲ ಹತ್ತಿರ ಬಂತು. ಮೀನು ಹಿಡಿಯುವ ದುಗ್ಗಕ್ಕ ತನ್ನ ಪುಟ್ಟ ದೋಣಿಯನ್ನು ಮರಳಿನ ಮೇಲೆ ಎಳೆದು ಕವುಚಿ ಹಾಕುತ್ತಿದ್ದಳು. ಗಾಳಿಮಳೆಗೆ ಇದು ಹಾರಿಹೋಗುವುದಿಲ್ಲವೇ ಎಂದು ಚಿಣ್ಕು ನೀರಿನಿಂದಲೇ ಕೇಳಿತು.

“ಕವುಚಿ ಹಾಕಿದ್ರೆ ಎಂತದೂ ಆಗುದಿಲ್ಲ ಮಗಾ,” ಎಂದಳು ದುಗ್ಗಕ್ಕ. “ಬಾಯಿ ಕೆಳಗೆ, ಬೆನ್ನು ಮೇಲೆ. ಗಾಳಿಗೆ ಹಿಡ್ಕೊಳ್ಳಲಿಕ್ಕೆ ಎಂತ ಸಿಗ್ತದೆ?”

ಮಳೆಗಾಲ ಮುಗಿದ ಮೇಲೆ ಮತ್ತೆ ಮಗುಚಬೇಕು ಎಂದೂ ಅವಳು ಹೇಳಿದಳು. ಕೇಳಿಸಿಕೊಳ್ಳಲು ಚಿಣ್ಕು ಅಲ್ಲಿದ್ದರೆ ತಾನೆ? ಅರ್ಧ ಮಾತಿಗೇ ಓಡಿಯಾಗಿತ್ತು. ಥೇಟ್ ನಿನ್ನ ಹಾಗೆ.

ಚಿಣ್ಕು ಬಂಡೆಯ ಮೇಲೆ ತಲೆ ಕೆಳಗೆ, ಕಾಲು ಮೇಲೆ ಮಾಡಿ ನಿಂತಿತು. ತಲೆಯಿಂದ ಅಂಟು ಸುರಿಸಿ ಮೆತ್ತಿಕೊಂಡಿತು. ಸುತ್ತ ಆರು ಬಿಳಿ ಚಿಪ್ಪಿನ ಹಲಗೆ ಕಟ್ಟಿ, ಮೇಲೊಂದು ಬಾಗಿಲಿಟ್ಟು ಮುಚ್ಚಿಕೊಂಡಿತು.

ಅಲೆ ಬಂದು ಗುದ್ದಿತು. ಚಿಣ್ಕು ಅಲ್ಲೇ ಇತ್ತು. ಗಾಳಿಯನ್ನು ಕರೆತಂದು ಗುದ್ದಿತು. ಚಿಣ್ಕು ಅಲ್ಲೇ ಇತ್ತು. ಮಳೆಗಾಲವಿಡೀ ಗುದ್ದಿ ಗುದ್ದಿ ಅಲೆಗೇ ಸುಸ್ತಾಯಿತು.

ಮಳೆ ನಿಂತಿತು. ದುಗ್ಗಕ್ಕ ದೋಣಿ ಮಗುಚಿ ನೀರಿಗಿಳಿಸಿದಳು. ಚಿಣ್ಕುವೂ ಮಗುಚಿಕೊಳ್ಳಲು ನೋಡಿತು, ಆಗಲಿಲ್ಲ. ಅಂಟು ಕಲ್ಲಾಗಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು, ಬಾಯಿ ನೋಡಿದರೆ ಚಿಪ್ಪಿನ ಒಳಗೆ.

ಅಲೆ ನಕ್ಕಿತು. “ನೆಲೆ ಬೇಕಿತ್ತಲ್ಲ? ಇನ್ನು ಉಪವಾಸ ಇರು.”

ಚಿಣ್ಕುವಿಗೆ ಅಳು ಬಂತು. ಬಾಗಿಲ ಸಂದಿಯಿಂದ ನೋಡಿದರೆ, ದೂರದಲ್ಲಿ ದುಗ್ಗಕ್ಕ ಬಲೆ ಬೀಸುತ್ತಿದ್ದಳು, ಎಳೆಯುತ್ತಿದ್ದಳು. ಬೀಸುತ್ತಿದ್ದಳು, ಎಳೆಯುತ್ತಿದ್ದಳು. ಚಿಣ್ಕು ಅಳು ನಿಲ್ಲಿಸಿತು. ಬಾಗಿಲು ತೆರೆದು, ಪುಕ್ಕದಂಥ ತನ್ನ ಕಾಲುಗಳನ್ನೆಲ್ಲ ಹೊರಗೆ ಬೀಸಿತು, ಒಳಗೆ ಎಳೆಯಿತು. ಕಾಲಿನ ತುಂಬ ಊಟ! ಅದನ್ನು ಹೊತ್ತು ತಂದದ್ದು ಅಲೆಯೇ.

“ಅಲೆಯಣ್ಣ, ಊಟ ಚೆನ್ನಾಗಿತ್ತು,” ಎಂದಿತು ಚಿಣ್ಕು. “ನಾಳೆಯೂ ತಾ.”

ಅಲೆ ಮುಖ ಸಣ್ಣದು ಮಾಡಿಕೊಂಡು ಹಿಂದೆ ಸರಿಯಿತು. ಬಂಡೆ ಮಾತ್ರ ಬಿದ್ದು ಬಿದ್ದು ನಕ್ಕಿತು.

ನಿನ್ನೆ ನಿನ್ನ ಅಂಗಾಲಿಗೆ ಚುಚ್ಚಿದವಲ್ಲ, ಬಂಡೆಯ ಮೇಲಿನ ಬಿಳಿ ಚಿಪ್ಪುಗಳು, ಅವೆಲ್ಲ ಚಿಣ್ಕುವಿನ ಮಕ್ಕಳು. ನೀರು ಇಳಿದಾಗ ಬಾಗಿಲು ಹಾಕಿಕೊಂಡು ಸುಮ್ಮನಿರುತ್ತವೆ. ನೀರು ಏರಿದಾಗ ತಲೆಕೆಳಗಾಗಿಯೇ ನಿಂತು ಕಾಲಿನಿಂದ ಬಲೆ ಬೀಸುತ್ತವೆ, ಅಷ್ಟು ದೊಡ್ಡ ಸಮುದ್ರ ಇವತ್ತಿಗೂ ದಿನಕ್ಕೆರಡು ಸಲ ಬಂದು ಅವಕ್ಕೆ ಊಟ ಬಡಿಸಿ ಹೋಗುತ್ತದೆ.