ಹೊಡೆದು ಹಾಕಿದ ಸಾಲು

‘ಗುರುಗಳೇ, ಯಾರಾದರೂ ನಮ್ಮ ಮೇಲೆ ಅನುಮಾನಪಟ್ಟಾಗ ಬಾಯಿ ಮುಚ್ಚಿಕೊಂಡು ಕೈಯಿಂದ ದುಡ್ಡು ತುಂಬಿಕೊಡುವುದು ತಾಳ್ಮೆಯಲ್ಲವೇ?’ ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ಅವನ ಮುಖ ನೋಡಿದರು. ‘ಪ್ರಶ್ನೆ ದೊಡ್ಡದಾಯಿತು. ನಡೆದದ್ದು ಏನು, ಅದನ್ನು ಹೇಳು.’

ಚನ್ನವೀರ ಮಠದ ತಾಳೆಗರಿಗಳನ್ನು ನೋಡಿಕೊಳ್ಳುವವನು. ಅವುಗಳ ಮಸುಕು ಅಕ್ಷರ ಓದಲು ಪರದೇಶದ ಅಂಗಡಿಯೊಂದರಿಂದ ಆನ್‌ಲೈನಿನಲ್ಲಿ ಭೂತಗನ್ನಡಿ ತರಿಸಿದ್ದ. ಹಣ ಕಟ್ಟಿದ್ದು ಮಠದ ಕ್ರೆಡಿಟ್ ಕಾರ್ಡಿನಿಂದ. ಅಂಗಡಿಯ ಬಿಲ್ಲಿನಲ್ಲಿ ಇದ್ದದ್ದಕ್ಕಿಂತ ಇನ್ನೂರು ರೂಪಾಯಿ ಹೆಚ್ಚಿಗೆ ಹೋಗಿತ್ತು. ಮಠದ ಗುಮಾಸ್ತ ಅದನ್ನು ಪುಸ್ತಕದಲ್ಲಿ ಬರೆದಿಟ್ಟು, ಚನ್ನವೀರನನ್ನು ಓರೆಗಣ್ಣಿನಿಂದ ನೋಡಿದ. ಚನ್ನವೀರ ತನ್ನ ಜೇಬಿನಿಂದ ಇನ್ನೂರು ರೂಪಾಯಿ ಕೊಟ್ಟು ಕೈತೊಳೆದುಕೊಂಡ.

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಪ್ರಯೋಜನ ಅಂತ ಬ್ಯಾಂಕಿಗೂ ಹೋಗಲಿಲ್ಲ,’ ಎಂದ.

‘ಭಲೇ! ಭೂತಗನ್ನಡಿ ತರಿಸಿದವನೇ ಸಣ್ಣಕ್ಷರ ಓದಲಿಲ್ಲ ಅನ್ನು. ಕೂತುಕೋ. ನಡುವೆ ಬಾಯಿ ಹಾಕಬೇಡ,’ ಎಂದು ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಅಂಧರ ಶಾಲೆ ಇತ್ತು. ಅಲ್ಲಿ ಪಾಠ ಹೇಳುವವಳು ಸಾವಂತ್ರೆವ್ವ. ಆ ಕಡೆ ಪಾಠ ಹೇಳುವ ಹೆಂಗಸನ್ನು ಅಕ್ಕೋರು ಅನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಅಕ್ಕೋರಿಗೆ ಹುಟ್ಟಿನಿಂದ ಕಣ್ಣಿಲ್ಲ. ಆ ಶಾಲೆಯಲ್ಲಿ ಹಿಂದೆಲ್ಲ ಒಂದು ಸೂಜಿ ಬೇಕಾದರೂ ಕಣ್ಣಿರುವವರನ್ನು ಕಾಡಿ ಬೇಡಿ ತರಿಸಬೇಕಿತ್ತು. ಅಕ್ಕೋರು ಹತ್ತು ವರ್ಷ ಕಮಿಟಿಯವರ ಬೆನ್ನು ಹತ್ತಿದಳು. ನಮ್ಮ ಶಾಲೆಯ ಸಾಮಾನು ನಾವೇ ತರುತ್ತೇವೆ ಅಂದಳು. ಕೊನೆಗೊಮ್ಮೆ ಶಾಲೆಯ ಕಾರ್ಡು ಅವಳ ಕೈಗೆ ಬಂತು. ಅವತ್ತು ಅವಳು ಮಕ್ಕಳಿಗೆಲ್ಲ ಬೆಲ್ಲ ಹಂಚಿದಳಂತೆ.

ಶಾಲೆಯಲ್ಲಿ ಬ್ರೈಲ್ ಪುಸ್ತಕ ತಯಾರಿಸುವ ಯಂತ್ರ ಒಂದೇ ಒಂದು. ಕಾಗದದ ಮೇಲೆ ಚುಕ್ಕೆ ಒತ್ತುವ ಅದರ ಆರು ಕಡ್ಡಿಗಳು ಸವೆದುಹೋದವು. ಹೊಸ ಕಡ್ಡಿಗಳು ನಮ್ಮ ದೇಶದಲ್ಲಿ ಎಲ್ಲೂ ಸಿಗಲಿಲ್ಲ. ಅಕ್ಕೋರು ಫೋನು ಹಿಡಿದು ಹುಡುಕಿ ಹುಡುಕಿ ಪರದೇಶದ ಒಂದು ಅಂಗಡಿ ಪತ್ತೆ ಮಾಡಿದಳು. ಅವಳ ಫೋನು ತೆರೆಯ ಮೇಲಿದ್ದುದನ್ನು ಕನ್ನಡದಲ್ಲಿ ಓದಿ ಹೇಳುತ್ತದೆ. ‘ಬೆಲೆ ಒಂಬತ್ತು ಸಾವಿರ ರೂಪಾಯಿ’ ಅಂತ ಹೇಳಿತು. ಮಾತು ಕನ್ನಡ, ಹಣ ರೂಪಾಯಿ. ಇನ್ನೇನು ಅನುಮಾನ? ಅಕ್ಕೋರು ಕೊಳ್ಳುವ ಗುಂಡಿ ಒತ್ತಿದಳು. ಕಡ್ಡಿಗಳು ಬಂದವು, ಯಂತ್ರ ಓಡಿತು.

ತಿಂಗಳಾದ ಮೇಲೆ ಕಮಿಟಿ ಸೇರಿತು. ಬಿಲ್ಲು ಒಂಬತ್ತು ಸಾವಿರ. ಕಾರ್ಡಿನಿಂದ ಹೋದದ್ದು ಒಂಬತ್ತು ಸಾವಿರದ ಮುನ್ನೂರ ಎಪ್ಪತ್ತೊಂದು ರೂಪಾಯಿ ಎಪ್ಪತ್ತು ಪೈಸೆ. ‘ನಡುವಿನ ದುಡ್ಡು ಎಲ್ಲಿ?’ ಅಂದರು ಅಧ್ಯಕ್ಷರು. ಅಕ್ಕೋರಿಗೆ ಗೊತ್ತಿರಲಿಲ್ಲ. ಅಧ್ಯಕ್ಷರು ಕೆಟ್ಟವರಲ್ಲ, ಅವಸರದವರು. ಅವಸರದವರು ಮಾಡುವ ಹಾಳು ಕೆಟ್ಟವರೂ ಮಾಡಲಾರರು ಬಿಡು. ನಡಾವಳಿ ಪುಸ್ತಕದಲ್ಲಿ ಬರೆಸಿಯೇಬಿಟ್ಟರು: ‘ಈ ಹಣಕ್ಕೆ ಲೆಕ್ಕ ಸಿಕ್ಕಿಲ್ಲ. ಇನ್ನು ಮುಂದೆ ಖರೀದಿಯನ್ನು ಕಣ್ಣಿರುವವರೇ ಮಾಡತಕ್ಕದ್ದು.’ ಕಾರ್ಡು ವಾಪಸ್ ಇಸಿದುಕೊಂಡರು.

ಹತ್ತು ವರ್ಷದ ದುಡಿಮೆ ಒಂದು ಸಾಲಿನಲ್ಲಿ ಮಣ್ಣುಪಾಲಾಯಿತು. ಹೋದದ್ದು ಅವಳ ಮರ್ಯಾದೆಯಷ್ಟೇ ಅಲ್ಲ, ಆ ಶಾಲೆಯಲ್ಲಿ ಕಲಿತು ಹೊರಡುವ ಪ್ರತಿಯೊಬ್ಬರ ಮರ್ಯಾದೆಯೂ. ಅಕ್ಕೋರು ಕೋಣೆಗೆ ಹೋಗಿ ಅತ್ತಳು. ಅತ್ತು ಮುಖ ತೊಳೆದು ಬಂದಳು.

ಜೊತೆಯ ಮಾಸ್ತರ ಒಬ್ಬ ಒಳ್ಳೆಯವನು. ‘ಅಕ್ಕೋರೇ, ನಾಲ್ಕುನೂರು ರೂಪಾಯಿಯ ಮಾತು. ನಾನೇ ಕೊಡುತ್ತೇನೆ, ತುಂಬಿ ಮುಗಿಸಿಬಿಡಿ. ಸುಂಕದವನ ಮುಂದೆ ಸುಖದುಃಖ ಯಾಕೆ?’ ಅಂದ. ನೋಡು, ನಿನ್ನ ಗಾದೆಯನ್ನೇ ಹೇಳಿದ.

ಅಕ್ಕೋರು ಅಂದಳು: ‘ತುಂಬಿದರೆ ತಿಂದದ್ದು ಒಪ್ಪಿಕೊಂಡ ಹಾಗಾಯಿತಲ್ಲಪ್ಪ. ನಾನು ಸುಖದುಃಖ ಹೇಳೋಕೆ ಹೊರಟಿಲ್ಲ. ಅದು ಯಾವ ಸುಂಕ ಅಂತ ಕೇಳೋಕೆ ಹೊರಟಿದ್ದೀನಿ.’

ಕೋಲು ಹಿಡಿದು ಬ್ಯಾಂಕಿಗೆ ಹೋದಳು. ಅಲ್ಲಿಯ ಅಧಿಕಾರಿ ಕಂಪ್ಯೂಟರಿನಿಂದ ತಲೆ ಎತ್ತದೆ, ‘ಕಾರ್ಡಿನ ಜೊತೆ ಪುಸ್ತಕ ಕೊಟ್ಟಿದ್ದೀವಲ್ಲಮ್ಮ. ಎಲ್ಲಾ ಅದರಲ್ಲೇ ಇದೆ. ನೋಡಿಕೊಳ್ಳಬೇಕಿತ್ತು,’ ಅಂದ. ಆಮೇಲೆ ತಲೆ ಎತ್ತಿದ. ಕೋಲು ಕಂಡಿತು. ನಾಲಿಗೆ ಕಚ್ಚಿಕೊಂಡ.

‘ತಪ್ಪೇನಿಲ್ಲಪ್ಪ. ಈಗ ನೀವೇ ಓದಿ. ನಾನು ಬರಕೋತೀನಿ,’ ಎಂದು ಅಕ್ಕೋರು ಕುರ್ಚಿ ಎಳೆದುಕೊಂಡು ಕೂತಳು. ಚೀಲದಿಂದ ಬ್ರೈಲ್ ಪಟ್ಟಿ, ಚುಕ್ಕೆ ಚುಚ್ಚುವ ಮೊಳೆ, ದಪ್ಪ ಕಾಗದ ತೆಗೆದಳು.

‘ಇಪ್ಪತ್ತೆರಡು ಪುಟ ಇದೆಯಮ್ಮ!’

‘ಇರಲಿ. ನನ್ನ ಹತ್ತಿರ ಕಾಗದ ಇದೆ.’

ಅವನು ಓದಿದ. ಇವಳು ಟಕಟಕ ಚುಚ್ಚಿದಳು. ಹಿಂದೆ ಸಾಲು ಬೆಳೆಯಿತು. ಒಬ್ಬ ಗೊಣಗಿದ. ಅವನ ಪಕ್ಕದವನು, ‘ಸುಮ್ಮನಿರಯ್ಯ, ನಾವೂ ಕೇಳೋಣ, ನಮಗೆ ಯಾರು ಓದಿ ಹೇಳಿದ್ದಾರೆ?’ ಅಂದ. ಹದಿನೇಳನೆಯ ಪುಟದಲ್ಲಿ ಇತ್ತು: ಪರದೇಶದ ಅಂಗಡಿಯಲ್ಲಿ ಖರೀದಿ ಮಾಡಿದರೆ ನೂರಕ್ಕೆ ಮೂರೂವರೆ ರೂಪಾಯಿ ಶುಲ್ಕ. ಆ ಶುಲ್ಕದ ಮೇಲೆ ನೂರಕ್ಕೆ ಹದಿನೆಂಟು ತೆರಿಗೆ. ಬೆಲೆಯನ್ನು ರೂಪಾಯಿಯಲ್ಲಿ ತೋರಿಸಿದ್ದರೂ ಅಂಗಡಿ ಪರದೇಶದ್ದಾದರೆ ಇದು ತಪ್ಪದು.

ಅಧಿಕಾರಿ ಆ ಕೊನೆಯ ಮಾತನ್ನು ಎರಡು ಸಲ ಓದಿದ. ಎರಡನೆಯ ಸಲ ಓದಿದ್ದು ತನಗೋಸ್ಕರ. ‘ಅಯ್ಯೋ ಶಿವನೇ, ಹೋದ ತಿಂಗಳು ನಾನು ಬೂಟು ತರಿಸಿದ್ದೆ!’ ಅಂದ.

ಅಕ್ಕೋರು ಅಲ್ಲೇ ಬಾಯಿಲೆಕ್ಕ ಹಾಕಿದಳು. ಶುಲ್ಕ ಮುನ್ನೂರ ಹದಿನೈದು. ತೆರಿಗೆ ಐವತ್ತಾರು ರೂಪಾಯಿ ಎಪ್ಪತ್ತು ಪೈಸೆ. ಕೂಡಿದರೆ ಮುನ್ನೂರ ಎಪ್ಪತ್ತೊಂದು ರೂಪಾಯಿ ಎಪ್ಪತ್ತು ಪೈಸೆ. ಪೈಸೆಗೆ ಪೈಸೆ ಸರಿಹೋಯಿತು.

‘ಇದನ್ನೇ ಬರೆದು ಮುದ್ರೆ ಒತ್ತಿ ಕೊಡಿ,’ ಅಂದಳು. ಅವನು ಕೊಟ್ಟ. ಕೊಡದೆ ಅವಳು ಕುರ್ಚಿ ಬಿಡುವುದಿಲ್ಲ ಅಂತ ಅಷ್ಟು ಹೊತ್ತಿಗೆ ಅವನಿಗೆ ತಿಳಿದಿತ್ತು.

ಮುಂದಿನ ಕಮಿಟಿಯಲ್ಲಿ ಅಕ್ಕೋರು ಬ್ಯಾಂಕಿನ ಪತ್ರವನ್ನು ಮೇಜಿನ ಮೇಲಿಟ್ಟಳು. ‘ಮಾತು ಕನ್ನಡ, ಬೆಲೆ ರೂಪಾಯಿ, ಇನ್ನು ಬೇರೆ ಖರ್ಚು ಇರೋದಿಲ್ಲ ಅಂದುಕೊಂಡೆ. ಕೊಳ್ಳುವ ಮೊದಲು ಕೇಳಬೇಕಿತ್ತು, ಕೇಳಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಕದ್ದಿಲ್ಲ,’ ಅಂದಳು.

ಅಧ್ಯಕ್ಷರು ಪತ್ರ ಓದಿದರು. ಅವರ ಮುಖ ಸಪ್ಪಗಾಯಿತು. ‘ಆಯಿತು ಬಿಡಿ ಅಕ್ಕೋರೇ, ಮರೆತುಬಿಡೋಣ. ಕಾರ್ಡು ತಗೊಳ್ಳಿ,’ ಎಂದು ಮುಂದೆ ಚಾಚಿದರು.

ಅಕ್ಕೋರು ಕೈ ಚಾಚಲಿಲ್ಲ. ‘ನೀವು ಮರೆತರೂ ಪುಸ್ತಕ ಮರೆಯೋದಿಲ್ಲ ಸಾಹೇಬರೇ. ನಾಳೆ ಇನ್ನೊಬ್ಬ ಅಧ್ಯಕ್ಷರು ಬಂದು ಆ ಸಾಲು ಓದುತ್ತಾರೆ. ಅದನ್ನು ಹೊಡೆದು ಹಾಕಿ. ಹೊಡೆಯೋದು ನನಗೆ ಕಾಣಿಸೋದಿಲ್ಲ. ಕೇಳಿಸಬೇಕು.’

ಅಧ್ಯಕ್ಷರು ಪುಸ್ತಕ ತರಿಸಿದರು. ಪೆನ್ನು ಒತ್ತಿ ಹಿಡಿದು, ಈ ಕಡೆಯಿಂದ ಆ ಕಡೆಗೆ ಗೆರೆ ಎಳೆದರು. ಕಾಗದದ ಮೇಲೆ ಪೆನ್ನು ಸರಿದ ಸದ್ದು ಕೇಳಿಸಿತು. ಆಮೇಲೆ ಅಕ್ಕೋರು ಕಾರ್ಡಿಗೆ ಕೈ ಚಾಚಿದಳು.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರ ಕೇಳಿದ: ‘ಬ್ಯಾಂಕಿನವರು ದುಡ್ಡು ವಾಪಸ್ ಕೊಟ್ಟರೇ, ಗುರುಗಳೇ?’

‘ಯಾಕೆ ಕೊಡುತ್ತಾರೆ? ಒಂದು ಪೈಸೆಯೂ ಬರಲಿಲ್ಲ.’

‘ಹಾಗಾದರೆ ನನ್ನದೂ ಅವಳದೂ ಒಂದೇ ಆಯಿತಲ್ಲ. ಅವಳ ಶಾಲೆಯ ದುಡ್ಡೂ ಹೋಯಿತು, ನನ್ನ ದುಡ್ಡೂ ಹೋಯಿತು.’

ಗುರುಗಳು ಎದ್ದು ಗುಮಾಸ್ತನ ಪುಸ್ತಕ ತಂದರು. ಪುಟ ತೆಗೆದು ಚನ್ನವೀರನ ಮುಂದಿಟ್ಟರು. ‘ಭೂತಗನ್ನಡಿಯ ಬಿಲ್ಲಿಗಿಂತ ಇನ್ನೂರು ರೂಪಾಯಿ ಹೆಚ್ಚು, ವಿವರ ಹೇಳಿಲ್ಲ,’ ಎಂದು ಬರೆದಿತ್ತು. ಅದರ ಕೆಳಗೆ ಹೊಸ ಶಾಯಿಯಲ್ಲಿ ಇನ್ನೊಂದು ಸಾಲು: ‘ಚನ್ನವೀರ ಹಿಂದಿರುಗಿಸಿದ.’

‘ಅವಳು ತನ್ನ ಮೇಲಿನ ಸಾಲನ್ನು ಹೊಡೆಸಿದಳು, ನೀನು ಇನ್ನೂರು ರೂಪಾಯಿ ಕೊಟ್ಟು ನಿನ್ನ ಮೇಲಿನದನ್ನು ಖಾಯಂ ಮಾಡಿಸಿದೆ,’ ಎಂದರು ಗುರುಗಳು.