ಚುಕ್ಕಿ ಯಾರ ನಾಯಿ?

ಮಕ್ಕಳೇ, ಗದ್ದಲ ಸಾಕು, ಇತ್ತ ಕಿವಿ ಕೊಡಿ. ಒಂದು ರಾಜ್ಯದಲ್ಲಿ ಜಟ್ಟಪ್ಪ ಅಂತ ಒಬ್ಬನಿದ್ದ. ಅರಮನೆಯ ನಾಯಿಮರಿಗಳನ್ನು ಪಳಗಿಸುವುದು ಅವನ ಕೆಲಸ. ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಬೆತ್ತ. ಕರೆದಾಗ ಬಾರದಿದ್ದರೆ ಏಟು. ತಡವಾಗಿ ಬಂದರೂ ಏಟು. ಬಂದ ಮೇಲೂ ಹೊಡೆದರೆ ಮತ್ತೆ ಯಾವ ಮರಿ ಬರುತ್ತದೆ, ನೀವೇ ಹೇಳಿ!

ಒಂದು ಹೆಣ್ಣುಮರಿ ಏಟಿಗೆ ಹೆದರಿ ಮೂಲೆ ಸೇರಿತು. "ಕೆಲಸಕ್ಕೆ ಬಾರದ್ದು" ಅಂತ ಜಟ್ಟಪ್ಪ ಅದನ್ನು ಕೋಟೆಯ ಹೊರಗೆ ಬಿಟ್ಟುಬಂದ.

ಅಲ್ಲಿ ಕುರಿ ಕಾಯುವ ಬೀರವ್ವನ ಗುಡಿಸಲಿತ್ತು. ಆ ವರ್ಷ ತೋಳ ಅವಳ ಏಳು ಕುರಿಮರಿಗಳನ್ನು ಎಳೆದೊಯ್ದಿತ್ತು. ಕಾವಲಿಗೆ ನಾಯಿ ಸಿಗದಿದ್ದರೆ ಮಂದೆಯೇ ಮುಗಿದುಹೋಗುತ್ತಿತ್ತು. ನಡುಗುತ್ತಿದ್ದ ಮರಿಯನ್ನು ಅವಳು ಎತ್ತಿಕೊಂಡಳು. ಹಣೆಯ ಮೇಲೆ ಬಿಳಿ ಮಚ್ಚೆಯಿತ್ತು. ಚುಕ್ಕಿ ಅಂತ ಹೆಸರಿಟ್ಟಳು.

ಊರವರು ನಕ್ಕರು. "ತೋಳ ಬಂದ್ರೆ ನೀನೇ ಇದನ್ನ ಕಾಯಬೇಕು ಬೀರವ್ವ!"

"ನಕ್ಕೊಳ್ರಪ್ಪ. ಇದನ್ನ ತಿದ್ದದೆ ನಾನು ಬಿಡಲ್ಲ" ಅಂದಳು ಬೀರವ್ವ. ಹಟ ಅಂದರೆ ಅದು!

ಮೊದಲು ಮಂದೆಯ ಹತ್ತಿರ ಕರೆದೊಯ್ದಳು. ಟಗರು ಕಾಲು ಕೆರೆಯಿತು, ಮರಿ ಓಡಿತು. ಬೀರವ್ವ ಬೈಯಲಿಲ್ಲ. ಕುಕ್ಕರಗಾಲಲ್ಲಿ ಕೂತು, ಅಂಗೈ ನೆಲಕ್ಕಿಟ್ಟು, "ಬಾ ಚುಕ್ಕಿ" ಅಂದಳು. ಮರಿ ಒಂದೇ ಒಂದು ಹೆಜ್ಜೆ ಇಟ್ಟಿತು. ಅಷ್ಟಕ್ಕೇ ಒಂದು ಚೂರು ರೊಟ್ಟಿ, "ಭಲೇ ನನ್ನ ಮಗಳೇ!"

ಆಮೇಲೆ ಸಂತೆಗೆ ಕರೆದೊಯ್ದಳು. ತಮಟೆ ಸದ್ದಿಗೆ ಮರಿ ಮುದುರಿಕೊಂಡಿತು. ದೂರದಲ್ಲೇ ಕೂತಳು, ಅಂಗೈ ನೆಲಕ್ಕಿಟ್ಟಳು. ಒಂದು ಹೆಜ್ಜೆ, ಒಂದು ಚೂರು ರೊಟ್ಟಿ, ಭಲೇ! ಮರುಸಂತೆಗೆ ಇನ್ನೂ ಹತ್ತಿರ ಕೂತಳು. ಆಮೇಲೆ ಹೊಸಬರು ಓಡಾಡುವ ದಾರಿಯಲ್ಲಿ ಕೂತಳು. ಅಲ್ಲೂ ಹಾಗೆಯೇ. ಬರಬರುತ್ತ ರೊಟ್ಟಿ ಕಡಿಮೆಯಾಯಿತು, ಭಲೇ ಮಾತ್ರ ಉಳಿಯಿತು.

ಮರಿ ಬೆಳೆದು ನಾಯಿಯಾಯಿತು. ಒಂದು ದಿನ ತೋಳವನ್ನು ಗುಡ್ಡದಾಚೆಗೆ ಅಟ್ಟಿಬಂತು. ಸುದ್ದಿ ಕೇಳಿ ಜಟ್ಟಪ್ಪನಿಗೆ ಹೊಟ್ಟೆಯುರಿ. "ಅದು ಅರಮನೆಯ ನಾಯಿ, ಇವಳು ಕದ್ದಿದ್ದಾಳೆ ಮಹಾಸ್ವಾಮಿ" ಅಂತ ದೂರು ಕೊಟ್ಟ.

ದೊರೆ ಬೀರವ್ವನನ್ನು ಕರೆಸಿ, ನಾಯಿಯನ್ನು ಅರಮನೆಯ ಅಂಗಳದ ನಡುವೆ ನಿಲ್ಲಿಸಿದ. "ದೂರು ಕೊಟ್ಟವನು ಮೊದಲು ಮೂರು ಸಲ ಕರೀಲಿ. ಆಮೇಲೆ ಬೀರವ್ವ ಕರೀಲಿ. ಯಾರ ಹತ್ರ ಹೋಗುತ್ತೋ ಅವರದ್ದು."

ಜಟ್ಟಪ್ಪ ಬೆನ್ನ ಹಿಂದೆ ಮಾಂಸದ ತುಂಡು ಬಚ್ಚಿಟ್ಟುಕೊಂಡಿದ್ದ, ಕಳ್ಳ! ಬೀರವ್ವನ ಕೈ ಖಾಲಿ.

ಒಂದು ಸಲ ಕರೆದ. ವಾಸನೆ ಹಿಡಿದು ಚುಕ್ಕಿ ಎರಡು ಹೆಜ್ಜೆ ಅವನತ್ತ ಇಟ್ಟಿತು. ಎರಡನೇ ಸಲ ಕರೆದ. ಮತ್ತೆರಡು ಹೆಜ್ಜೆ. ಬೀರವ್ವನ ಕಣ್ಣು ತುಂಬಿತು, ಆದರೂ ತುಟಿ ಕಚ್ಚಿ ನಿಂತಳು. ಗೆದ್ದೆ ಅಂದುಕೊಂಡ ಜಟ್ಟಪ್ಪ, ಮೂರನೇ ಸಲ ಮಾಂಸ ತೋರಿಸಲು ಕೈಯನ್ನು ಮೇಲೆತ್ತಿದ.

ಬೆತ್ತ ಎತ್ತುತ್ತಿದ್ದದ್ದೂ ಅದೇ ಕೈ, ಹಾಗೆಯೇ. ಚುಕ್ಕಿ ಬಾಲ ಮುದುರಿಕೊಂಡು ಹಿಂದೆ ಸರಿಯಿತು. ಮಾಂಸ ಅದರ ಕಣ್ಣಿಗೇ ಬೀಳಲಿಲ್ಲ.

ಬೀರವ್ವ ಕೂತಳು. ಖಾಲಿ ಅಂಗೈ ನೆಲಕ್ಕಿಟ್ಟಳು. "ಬಾ ಚುಕ್ಕಿ."

ಚುಕ್ಕಿ ಓಡಿಬಂದು ಆ ಅಂಗೈಯಲ್ಲಿ ಮೂತಿ ಇಟ್ಟಿತು. "ಭಲೇ ನನ್ನ ಮಗಳೇ" ಅಂತ ಬೀರವ್ವ ಅತ್ತೇಬಿಟ್ಟಳು.

ದೊರೆ ಅಂದ: "ನಾಯಿ ಬೀರವ್ವಂದೇ. ಜಟ್ಟಪ್ಪ, ನಿನ್ನ ಸೊಂಟದ ಬೆತ್ತ ಇಲ್ಲಿಡು. ನಾಳೆಯಿಂದ ಇವಳ ಹತ್ರ ಕಲಿ. ಮೊದಲು ನೆಲದ ಮೇಲೆ ಕೂರೋದನ್ನ ಕಲಿ."

ಮನೆಗೆ ಮರಿ ತರುವ ಮಕ್ಕಳೇ, ನೆನಪಿಡಿ: ಹೆದರಿಸಿ ಕಲಿಸಿದ್ದು ಬೆತ್ತ ಇರುವ ತನಕ, ಮೆಚ್ಚಿ ಕಲಿಸಿದ್ದು ಜೀವ ಇರುವ ತನಕ.